ಎರಡು ಎಕರೆ ಮಾರಿ ಮಗಳನ್ನು ಟೇಬಲ್ ಟೆನಿಸ್‌ಗೆ ಬಿಡಲೇ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಸಿಂಧನೂರು ತಾಲ್ಲೂಕು. ಎಡದಂಡೆ ಕಾಲುವೆ ಕೆಳಗ ಆರು ಎಕರೆ ಗದ್ದಿ ಐತಿ. ಮಗಳಿಗೆ 13 ವರ್ಷ, ಎಂಟನೇ ಕ್ಲಾಸು. ಒಂಬತ್ತನೇ ವಯಸ್ಸಿನಿಂದ ಟೇಬಲ್ ಟೆನಿಸ್ ಆಡ್ತಾಳ. ಊರಾಗ ಒಂದ ಕ್ಲಬ್ಬು, ಎರಡು ಟೇಬಲ್ಲು. ಸ್ಕೂಲ್ ಗೇಮ್ಸ್‌ನಾಗ ಎರಡು ವರ್ಷ ಜಿಲ್ಲಾಕ್ಕ ಫಸ್ಟ್, ಕಲಬುರಗಿ ವಿಭಾಗದಾಗ ಸೆಕೆಂಡ್ ಬಂದಾಳ. ಆದ್ರ ಬೆಂಗಳೂರಿಗೆ ಸ್ಟೇಟ್ ರ‍್ಯಾಂಕಿಂಗ್ ಟೂರ್ನಿಗೆ ಎರಡು ಸಲ ಕರಕೊಂಡು ಹೋದ್ರ ಎರಡೂ ಸಲ ಮೊದಲನೇ ರೌಂಡಿನಾಗ ಸೋತಳು. ಅಲ್ಲಿ ಒಬ್ಬ ಕೋಚ್ ನೋಡಿ, ‘ಹುಡುಗಿ ಕೈ ಚೆನ್ನಾಗಿದೆ, ಆದರೆ 13 ಅಂದರೆ ಈಗಾಗಲೇ ಲೇಟು, ಶಾಲೆ ಬಿಡಿಸಿ ಓಪನ್ ಸ್ಕೂಲಿಗೆ ಹಾಕಿ, ಇಲ್ಲೇ ತಂದುಬಿಡಿ’ ಅಂದ್ರು. ಎರಡು ಎಕರೆ ಮಾರಿದ್ರ ನಾಲ್ಕೈದು ವರ್ಷ ನಡೀತದ. ನನ್ನ ಹೆಂಡತಿ ತಮ್ಮ, ‘ಟಿಟಿ ಆಡಿದವರಿಗೆ ರೈಲ್ವೆ ನೌಕರಿ ಪಕ್ಕಾ’ ಅಂತಾನ. ಹೆಂಡತಿಗೆ ಮನಸ್ಸಿಲ್ಲ. ಹತ್ತು ಸಾವಿರದ ಬ್ಯಾಟ್ ಕೊಡಿಸ್ರಿ ಅಂತ ಮಗಳು ಗಂಟು ಬಿದ್ದಾಳ. ತೋರಣಗಲ್ಲಿನ ಜಿಂದಾಲ್ ಸ್ಪೋರ್ಟ್ಸ್ ಸಂಸ್ಥೆಯವರು ತಗೋತಾರೇನ್ರಿ? ಈ ಆಟದ ಮ್ಯಾಲೆ ಬದುಕು ಸಾಗತದೇನು? (ಹೆಸರು ಬೇಡ)

ಉತ್ತರ: ಗದ್ದೆ ಮಾರದಿದ್ದರೆ ಮಗಳ ದಾರಿಗೆ ನಾನೇ ಅಡ್ಡ ಬಂದಂತಾಗುತ್ತದೆಯೇ, ಮಾರಿದರೆ ಮನೆಯ ಬುಡವೇ ಅಲುಗಾಡುತ್ತದೆಯೇ ಎಂಬ ಎರಡು ಭಯಗಳ ನಡುವೆ ಸಿಕ್ಕಿಕೊಂಡಿದ್ದೀರಿ. ಈ ಭಾಗದ ಮಕ್ಕಳಿಗೆ ಆಟ ಕಲಿಸುತ್ತಾ ಬಂದವನಾಗಿ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈಗ ಮಾರಬೇಡಿ. ಶಾಲೆ ಬಿಡಿಸಬೇಡಿ. ಆಟವನ್ನಂತೂ ಬಿಡಿಸಲೇಬೇಡಿ. ನಿಮ್ಮ ಮಗಳಿಗೆ ಸದ್ಯ ಕಡಿಮೆ ಬಿದ್ದಿರುವುದು ಎದುರಾಳಿಗಳು; ಅವರನ್ನು ಒದಗಿಸಲು ಎರಡು ಎಕರೆ ಬೇಕಾಗುವುದಿಲ್ಲ.

ಜಿಲ್ಲೆಗೆ ಮೊದಲಿಗಳಾದವಳು ಬೆಂಗಳೂರಿನಲ್ಲಿ ಮೊದಲ ಸುತ್ತಿನಲ್ಲೇ ಸೋಲುವುದೇಕೆ? ‘ಅಲ್ಲಿಯ ಮಕ್ಕಳು ದಿನಾ ಐದು ತಾಸು ಆಡ್ತಾರ’ ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಉತ್ತರ. ಟೇಬಲ್ ಉದ್ದ ಬರೀ 2.74 ಮೀಟರ್, ಚೆಂಡಿನ ತೂಕ 2.7 ಗ್ರಾಂ. ಆಚೆಯ ಹೊಡೆತ ಈಚೆಗೆ ಬರಲು ಅರ್ಧ ಸೆಕೆಂಡೂ ಹಿಡಿಯುವುದಿಲ್ಲ. ಚೆಂಡು ಬಂದ ಮೇಲೆ ಯೋಚಿಸಿ ಆಡುತ್ತೇನೆ ಎಂದರೆ ಆಗದ ಮಾತು. ಎದುರಾಳಿಯ ಬ್ಯಾಟ್ ಚೆಂಡಿಗೆ ತಾಗುವ ಕ್ಷಣದಲ್ಲೇ ಮಣಿಕಟ್ಟು ಎತ್ತ ತಿರುಗಿತು, ಚೆಂಡನ್ನು ಕೆಳಗೆ ಸವರಿತೋ ಪಕ್ಕಕ್ಕೋ ಎಂಬುದನ್ನು ಓದಿ ಸ್ಪಿನ್ ಊಹಿಸಬೇಕು. ಒಳ್ಳೆಯ ಆಟಗಾರರ ಟಾಪ್‌ಸ್ಪಿನ್‌ನಲ್ಲಿ ಮುಂದಕ್ಕೆ ಉರುಳುವ ಚೆಂಡು ಸೆಕೆಂಡಿಗೆ 100ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಊಹೆ ತಪ್ಪಿದರೆ ಅದು ಮೇಲೆ ಹಾರುತ್ತದೆ ಇಲ್ಲವೇ ನೆಟ್‌ಗೆ ಬೀಳುತ್ತದೆ. ರಾಯಚೂರು ಮಾರ್ಕೆಟ್‌ನಲ್ಲಿ ದಲ್ಲಾಳಿ ಒಂದು ಚಿಟಿಕೆ ಹತ್ತಿ ಎಳೆದು ನೋಡಿ ಎಳೆ ಎಷ್ಟುದ್ದ ಎಂದು ಹೇಳುತ್ತಾನಲ್ಲ, ಅಂಥ ವಿದ್ಯೆ ಇದು. ಸಾವಿರಾರು ಬಗೆಯದು ಕೈ ದಾಟಿ ಹೋಗಿರಬೇಕು.

ಸಿಂಧನೂರಿನ ಎರಡು ಟೇಬಲ್‌ಗಳಲ್ಲಿ ನಿಮ್ಮ ಮಗಳು ನಾಲ್ಕು ವರ್ಷದಿಂದ ಅದೇ ಏಳೆಂಟು ಜನರೊಂದಿಗೆ ಆಡುತ್ತಿರಬೇಕು. ಅವರೆಲ್ಲರ ಸರ್ವ್ ಅವಳಿಗೆ ಬಾಯಿಪಾಠ. ಎಲ್ಲರ ಬ್ಯಾಟಿನಲ್ಲೂ ನುಣುಪು ರಬ್ಬರ್. ಬೆಂಗಳೂರಿಗೆ ಹೋದಾಗ ಎದುರಿಗೆ ನಿಂತವಳು ಎಡಗೈ ಆಟಗಾರ್ತಿಯೋ, ಬ್ಯಾಕ್‌ಹ್ಯಾಂಡಿಗೆ ಲಾಂಗ್ ಪಿಂಪಲ್ (ಉದ್ದ ಗುಬುಟುಗಳಿರುವ ರಬ್ಬರ್) ಅಂಟಿಸಿಕೊಂಡವಳೋ ಆಗಿರುತ್ತಾಳೆ. ಲಾಂಗ್ ಪಿಂಪಲ್ ರಬ್ಬರ್ ನೀವು ಕೊಟ್ಟ ಟಾಪ್‌ಸ್ಪಿನ್ ಅನ್ನೇ ಬ್ಯಾಕ್‌ಸ್ಪಿನ್ ಮಾಡಿ ವಾಪಸ್ ಕಳಿಸುತ್ತದೆ. ಅದನ್ನು ಕಂಡೇ ಇರದ ಹುಡುಗಿ ಎರಡು ಗೇಮ್ ಮುಗಿಯುವ ತನಕ ತನ್ನ ಕೈಯಲ್ಲೇ ಏನೋ ದೋಷ ಎಂದುಕೊಳ್ಳುತ್ತಾಳೆ. 2001ರಿಂದ ಗೇಮ್ 21 ಪಾಯಿಂಟ್ ಹೋಗಿ 11 ಆಗಿದೆ. ತಿಳಿದುಕೊಳ್ಳುವಷ್ಟರಲ್ಲಿ ಪಂದ್ಯ ಮುಗಿದಿರುತ್ತದೆ.

ಇದು ಮಕ್ಕಳ ಮಟ್ಟದ ಸಮಸ್ಯೆ ಮಾತ್ರ ಎಂದುಕೊಳ್ಳಬೇಡಿ. 2024ರ ಫೆಬ್ರುವರಿಯಲ್ಲಿ ಬುಸಾನ್‌ನ ವಿಶ್ವ ತಂಡ ಚಾಂಪಿಯನ್‌ಷಿಪ್‌ನಲ್ಲಿ ಆಗ ವಿಶ್ವದ ನಂಬರ್ ಒನ್ ಆಗಿದ್ದ ಚೀನಾದ ಸನ್ ಯಿಂಗ್‌ಶಾ ಅವರನ್ನು ನಮ್ಮ ಐಹಿಕಾ ಮುಖರ್ಜಿ ಸೋಲಿಸಿದ್ದರಲ್ಲಿ ಸ್ಪಿನ್ ಹಿಡಿಯದ ಆಂಟಿ-ಸ್ಪಿನ್ ರಬ್ಬರಿನ ಪಾಲು ದೊಡ್ಡದು. ಮಣಿಕಾ ಬಾತ್ರಾ ಹೆಸರು ಮಾಡಿದ್ದೂ ಪಿಂಪಲ್ ರಬ್ಬರಿನಿಂದಲೇ. ಅಂದ ಹಾಗೆ ಐಹಿಕಾ ಮತ್ತು ಸುತೀರ್ಥಾ ಮುಖರ್ಜಿ, 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಡಬಲ್ಸ್ ಕಂಚು ಗೆದ್ದ ಈ ಜೋಡಿ, ಪಶ್ಚಿಮ ಬಂಗಾಳದ ನೈಹಾಟಿ ಎಂಬ ಊರಿನವರು. ಮಹಾನಗರವೇನಲ್ಲ ಅದು. ಆದರೆ ಅಂಥ ಊರುಗಳಲ್ಲಿ ಸಂಜೆಗೆ ಟೇಬಲ್ ಸುತ್ತ ನೆರೆಯುವ ಆಟಗಾರರ ಗುಂಪು ದೊಡ್ಡದು. ನಮ್ಮ ಕಡೆ ಟೇಬಲ್ ಇದ್ದರೂ ಆ ಗುಂಪಿಲ್ಲ.

ಹಾಗಾಗಿ ನನ್ನ ಮೊದಲ ಸಲಹೆ ತೀರಾ ಅಗ್ಗದ್ದು. ನಿಮ್ಮ ಕ್ಲಬ್ಬಿನಲ್ಲಿ ಸಂಜೆ ಬರುವ ಹಿರಿಯರು ಯಾರಾದರೂ ಇದ್ದೇ ಇರುತ್ತಾರೆ, ಬ್ಯಾಂಕಿನವರೋ ಮೇಷ್ಟ್ರೋ. ಅವರಲ್ಲಿ ಒಬ್ಬರ ಬ್ಯಾಟಿಗೆ ನಿಮ್ಮ ಖರ್ಚಿನಲ್ಲಿ ಲಾಂಗ್ ಪಿಂಪಲ್ ಹಾಕಿಸಿಕೊಡಿ, ವಾರಕ್ಕೆ ಮೂರು ದಿನ ಮಗಳ ಜೊತೆ ಆಡಲು ಕೇಳಿಕೊಳ್ಳಿ. ಎಡಗೈಯವರು ಗಂಗಾವತಿಯಲ್ಲಿದ್ದರೂ ಸರಿ, ಭಾನುವಾರ ಕರೆದುಕೊಂಡು ಹೋಗಿ. ನೂರು ಪ್ರಾಕ್ಟೀಸ್ ಚೆಂಡಿನ ಬುಟ್ಟಿ ತಂದರೆ ನೀವೇ ನಿಂತು ಮಲ್ಟಿಬಾಲ್ (ಒಂದರ ಹಿಂದೊಂದು ಚೆಂಡು ಕೊಡುವ ಅಭ್ಯಾಸ) ಕೊಡಬಹುದು. ಆಟ ಬರಬೇಕೆಂದಿಲ್ಲ, ಒಂದೇ ಲಯದಲ್ಲಿ ಚೆಂಡು ಎಸೆಯಲು ಬಂದರಾಯಿತು.

ಬ್ಯಾಟಿನ ವಿಷಯ. ಹತ್ತು ಸಾವಿರದ ಬ್ಯಾಟ್ ಬೇಡವೇ ಬೇಡ ಎನ್ನುವುದಿಲ್ಲ, ಆದರೆ ಅದರಿಂದ ಆಟ ಬದಲಾಗುತ್ತದೆ ಎಂಬ ನಂಬಿಕೆ ಬಿಡಿ. ಮರದ ಬ್ಲೇಡ್ ವರ್ಷಗಟ್ಟಲೆ ಬಾಳುತ್ತದೆ. ಖರ್ಚು ಬರುವುದು ರಬ್ಬರಿಗೆ. ಒಳ್ಳೆಯ ರಬ್ಬರ್ ಒಂದು ಮುಖಕ್ಕೆ ಮೂರರಿಂದ ಐದು ಸಾವಿರ, ದಿನಾ ಮೂರು ತಾಸು ಆಡಿದರೆ ಎರಡು ಮೂರು ತಿಂಗಳಿಗೆ ಹಿಡಿತ ಕಳೆದುಕೊಳ್ಳುತ್ತದೆ. ವರ್ಷಕ್ಕೆ ನಲವತ್ತು ಐವತ್ತು ಸಾವಿರ ಇದಕ್ಕೇ ಎತ್ತಿಡಬೇಕು. ನಮ್ಮ ಕಡೆಯ ಧೂಳು ಬೇರೆ. ಬಳ್ಳಾರಿ, ಸಂಡೂರು ಕಡೆಯ ಹಾಲ್‌ಗಳಲ್ಲಂತೂ ಕೆಂಪು ಧೂಳು ರಬ್ಬರ್ ಮೇಲೆ ಕೂತು ಸ್ಪಿನ್ ಹಿಡಿಯುವುದೇ ಇಲ್ಲ. ಆಟ ಮುಗಿದ ಕೂಡಲೇ ಒದ್ದೆ ಸ್ಪಂಜಿನಿಂದ ಒರೆಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹಾಕಿ ಕವರಿನೊಳಗೆ ಇಡುವ ಅಭ್ಯಾಸ ಮಾಡಿಸಿ. ಅಂತರರಾಷ್ಟ್ರೀಯ ಫೆಡರೇಷನ್ ಒಪ್ಪಿದ ರಬ್ಬರ್ ಮೇಲೆ ಅದರ ಮುದ್ರೆ ಇರುತ್ತದೆ; ಅದಿಲ್ಲದ್ದನ್ನು, ಸ್ಪಂಜೂ ಸೇರಿ 4 ಮಿಲಿಮೀಟರಿಗಿಂತ ದಪ್ಪ ಇರುವುದನ್ನು ದೊಡ್ಡ ಟೂರ್ನಿಗಳಲ್ಲಿ ತಿರಸ್ಕರಿಸುತ್ತಾರೆ. ಆನ್‌ಲೈನ್‌ನಲ್ಲಿ ಅರ್ಧ ಬೆಲೆಗೆ ಸಿಗುವ ದೊಡ್ಡ ಹೆಸರಿನ ರಬ್ಬರ್‌ಗಳಲ್ಲಿ ನಕಲಿಯೂ ಇವೆ.

‘13 ಅಂದರೆ ಲೇಟು’ ಎಂಬ ಮಾತಿಗೆ ಬರೋಣ. ಯಾವುದಕ್ಕೆ ಲೇಟು? ವಿಶ್ವ ಮಟ್ಟಕ್ಕೆ ಹೋದವರಲ್ಲಿ ಹೆಚ್ಚಿನವರು ಐದಾರು ವರ್ಷಕ್ಕೇ ಬ್ಯಾಟ್ ಹಿಡಿದವರು. ಮಣಿಕಾ ನಾಲ್ಕನೇ ವಯಸ್ಸಿಗೇ ಶುರುಮಾಡಿದ್ದರು. ಒಂಬತ್ತಕ್ಕೆ ಶುರುಮಾಡಿ, 13ರವರೆಗೆ ಎರಡು ಟೇಬಲ್‌ಗಳ ಕ್ಲಬ್ಬಿನಲ್ಲಿ ಬೆಳೆದ ಹುಡುಗಿಗೆ ಒಲಿಂಪಿಕ್ಸ್ ದಾರಿ ತೀರಾ ಕಿರಿದು. ಇದನ್ನು ಮುಚ್ಚಿಟ್ಟು ಹಣ ಕಟ್ಟಿಸಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಆದರೆ ರಾಜ್ಯ ತಂಡ, ವಿಶ್ವವಿದ್ಯಾಲಯ ತಂಡ, ಮುಂದೆ ಒಂದು ಇಲಾಖೆಯ ತಂಡ, ಇವಕ್ಕೆ 13 ಖಂಡಿತ ತಡವಲ್ಲ. ಅಂಡರ್-15ರಲ್ಲಿ ಅವಳಿಗಿನ್ನೂ ಸಮಯವಿದೆ. ಆಮೇಲೆ ಅಂಡರ್-17, ಅಂಡರ್-19. ಹುಟ್ಟಿದ ವರ್ಷದ ಮೇಲೆ ಈ ಲೆಕ್ಕ ನಡೆಯುವುದರಿಂದ ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲೆ ಮೂರರಲ್ಲೂ ದಿನಾಂಕ ಒಂದೇ ಇದೆಯೇ ಎಂದು ಈಗಲೇ ನೋಡಿಕೊಳ್ಳಿ. ಶಾಲೆಗೆ ಸೇರಿಸುವಾಗ ಜೂನ್ 1 ಎಂದು ಬರೆಸುವ ಹಳೇ ಪದ್ಧತಿ ನಮ್ಮ ಕಡೆ ಇನ್ನೂ ಪೂರ್ತಿ ಹೋಗಿಲ್ಲ, ಆಮೇಲೆ ವಯಸ್ಸಿನ ತಕರಾರಿನಲ್ಲಿ ಮಕ್ಕಳು ಸಿಕ್ಕಿಬೀಳುತ್ತಾರೆ. ಆ ಬೆಂಗಳೂರಿನ ಕೋಚ್ ಸುಳ್ಳು ಹೇಳಿದ್ದಾರೆ ಎಂದೂ ಅಲ್ಲ. ಅಕಾಡೆಮಿ ನಡೆಸುವವರಿಗೆ ಫೀಸು ಬೇಕು, ಒಳ್ಳೆಯ ಕೈಯ ಮಕ್ಕಳೂ ಬೇಕು. ನೀವು ಕೇಳಬೇಕಾದ ಪ್ರಶ್ನೆ ಒಂದೇ: ನಿಮ್ಮಲ್ಲಿ 13ಕ್ಕೆ ಸೇರಿದ ಮಕ್ಕಳು ಈಗ ಎಲ್ಲಿದ್ದಾರೆ?

ಈಗ ನಿಮ್ಮ ಅಸಲಿ ಪ್ರಶ್ನೆ, ಬದುಕು ಸಾಗುತ್ತದೆಯೇ ಎಂಬುದು. ಕ್ರಿಕೆಟ್ಟಿನ ಲೆಕ್ಕ ಇಲ್ಲಿ ಹಿಡಿಯಬೇಡಿ. 2017ರಲ್ಲಿ ಶುರುವಾದ ಅಲ್ಟಿಮೇಟ್ ಟೇಬಲ್ ಟೆನಿಸ್ ಲೀಗ್‌ನಲ್ಲಿ ಈಚೆಗೆ ಎಂಟು ತಂಡ, ತಂಡಕ್ಕೆ ಆರು ಜನ, ಅವರಲ್ಲಿ ಇಬ್ಬರು ವಿದೇಶಿಯರು. ಇಡೀ ದೇಶದ ಹುಡುಗಿಯರಿಗೆ ಉಳಿಯುವುದು ಸುಮಾರು ಹದಿನಾರು ಜಾಗ, ಅದೂ ಕೆಲವೇ ವಾರಗಳ ಆಟ. ಅಂತರರಾಷ್ಟ್ರೀಯ ಡಬ್ಲ್ಯುಟಿಟಿ (ವರ್ಲ್ಡ್ ಟೇಬಲ್ ಟೆನಿಸ್) ಸರಣಿಯ ಕೆಳಹಂತದ ಫೀಡರ್ ಟೂರ್ನಿಗಳಿಗೆ ವಿದೇಶಕ್ಕೆ ಸ್ವಂತ ಖರ್ಚಿನಲ್ಲಿ ಹೋಗಿ ಒಂದೆರಡು ಸುತ್ತು ಗೆದ್ದರೆ ವಿಮಾನದ ಟಿಕೆಟ್ ದುಡ್ಡೂ ಹುಟ್ಟುವುದಿಲ್ಲ.

ಹಾಗಾದರೆ ನಮ್ಮ ದೇಶದ ಆಟಗಾರರು ಉಣ್ಣುವುದು ಎಲ್ಲಿಂದ? ನೌಕರಿಯಿಂದ. ಐದು ಒಲಿಂಪಿಕ್ಸ್ ಆಡಿ, ಹತ್ತು ಬಾರಿ ರಾಷ್ಟ್ರೀಯ ಚಾಂಪಿಯನ್ ಆಗಿ, 2025ರಲ್ಲಿ 42ನೇ ವಯಸ್ಸಿನಲ್ಲಿ ನಿವೃತ್ತರಾದ ಶರತ್ ಕಮಲ್ ಇಂಡಿಯನ್ ಆಯಿಲ್ ಉದ್ಯೋಗಿ. ಹೈದರಾಬಾದಿನ ಶ್ರೀಜಾ ಆಕುಲಾ ರಿಸರ್ವ್ ಬ್ಯಾಂಕ್ ಉದ್ಯೋಗಿ. ರಾಷ್ಟ್ರೀಯ ಕೂಟಗಳಲ್ಲಿ ರಾಜ್ಯಗಳ ಜೊತೆಗೆ ತೈಲ ಕಂಪನಿಗಳ ಪೆಟ್ರೋಲಿಯಂ ಕ್ರೀಡಾ ಮಂಡಳಿ, ರೈಲ್ವೆ, ರಿಸರ್ವ್ ಬ್ಯಾಂಕ್, ವಿಮಾನ ನಿಲ್ದಾಣ ಪ್ರಾಧಿಕಾರದ ತಂಡಗಳೂ ಆಡುತ್ತವೆ. ಸಂಬಳ, ಆಡಲು ರಜೆ, ಆಟ ನಿಂತ ಮೇಲೂ ಕುರ್ಚಿ. ನಮ್ಮ ದೇಶದಲ್ಲಿ ವೃತ್ತಿಪರ ಟೇಬಲ್ ಟೆನಿಸ್ ಎಂದರೆ ಬಹುಪಾಲು ಇದೇ.

ಇಲ್ಲಿಗೆ ನಿಮ್ಮ ಭಾವಮೈದುನರ ಮಾತು ಬರುತ್ತದೆ. ರೈಲ್ವೆ ನೌಕರಿ ಇದೆ, ‘ಪಕ್ಕಾ’ ಇಲ್ಲ. ಒಂದೊಂದು ವಲಯ ಒಂದೊಂದು ವರ್ಷ ಈ ಆಟಕ್ಕೆ ಒಂದೋ ಎರಡೋ ಹುದ್ದೆ ಕರೆಯುತ್ತದೆ, ಕೆಲವು ವರ್ಷ ಅದೂ ಇಲ್ಲ. ವಯಸ್ಸು 18ರಿಂದ 25ರೊಳಗೆ, ಇತ್ತೀಚಿನ ವರ್ಷಗಳ ಸಾಧನೆಗಷ್ಟೇ ಬೆಲೆ, ಮೇಲೆ ಟ್ರಯಲ್ಸ್. ಎಂಟನೇ ಕ್ಲಾಸಿನಲ್ಲಿ ಜಿಲ್ಲೆಗೆ ಫಸ್ಟ್ ಬಂದ ಸರ್ಟಿಫಿಕೇಟಿಗೆ ಅಲ್ಲಿ ಬೆಲೆಯಿಲ್ಲ. ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳ ಕ್ರೀಡಾ ನೇಮಕಾತಿಗೆ ರಾಜ್ಯವನ್ನೋ ವಿಶ್ವವಿದ್ಯಾಲಯವನ್ನೋ ಪ್ರತಿನಿಧಿಸಿದವರೂ ಅರ್ಜಿ ಹಾಕಬಹುದು. ಅರ್ಹತೆ ಸಿಗುತ್ತದೆ, ಹುದ್ದೆ ಸಿಗುವುದು ಬೇರೆ ಮಾತು. ಇನ್ನೊಂದು ಸಂಗತಿಯನ್ನು ಯಾರೂ ಹೇಳುವುದಿಲ್ಲ. ಕ್ರೀಡಾ ಕೋಟಾದಲ್ಲೂ ಹುದ್ದೆಯ ದರ್ಜೆ ಓದಿನ ಮೇಲೆ ನಿಲ್ಲುತ್ತದೆ. ಪಿಯುಸಿಗೆ ಸಿಗುವ ಹುದ್ದೆ ಒಂದು, ಡಿಗ್ರಿಗೆ ಸಿಗುವುದು ಮತ್ತೊಂದು. ಶಾಲೆ ಬಿಡಿಸಬೇಡಿ ಎಂದಿದ್ದು ನೀತಿಪಾಠವಲ್ಲ, ಇದು ಸಂಬಳದ ಲೆಕ್ಕ. ದೇಶದಿಂದ ಮೊದಲ ಬಾರಿಗೆ ವಿಶ್ವದ ಮೊದಲ 25ರೊಳಗೆ ಹೋದ ಜಿ. ಸತ್ಯನ್ ಎಂಜಿನಿಯರಿಂಗ್ ಓದಿದವರು. ನಮ್ಮ ಬೆಂಗಳೂರಿನ ಅರ್ಚನಾ ಕಾಮತ್ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕ್ವಾರ್ಟರ್‌ಫೈನಲ್ ತಲುಪಿದ ತಂಡದಲ್ಲಿದ್ದರು, ಅದಾದ ಮೇಲೆ 24ನೇ ವಯಸ್ಸಿಗೇ ಆಟ ಬಿಟ್ಟು ಓದಲು ಅಮೆರಿಕಕ್ಕೆ ಹೋದರು. ಓದನ್ನು ಕೈಬಿಡದೆ ಇದ್ದುದರಿಂದ ಅವರಿಗೆ ಆ ಆಯ್ಕೆ ಇತ್ತು.

ಓಪನ್ ಸ್ಕೂಲ್ ಕೆಟ್ಟದ್ದೇನೂ ಅಲ್ಲ. ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಮಾನ್ಯತೆ ಇರುವ ಬೋರ್ಡೇ. ವರ್ಷಕ್ಕೆ ಹತ್ತು ಹನ್ನೆರಡು ಟೂರ್ನಿ ಆಡುವವರಿಗೆ ಅನುಕೂಲವೂ ಹೌದು. ಆದರೆ ಅಲ್ಲಿ ಹತ್ತನೇ ತರಗತಿಗೆ ಸೇರಲು 14 ತುಂಬಿರಬೇಕು, ಅವಳಿಗಿನ್ನೂ ತುಂಬಿಲ್ಲ. ಅಷ್ಟು ಟೂರ್ನಿಯೂ ಅವಳಿಗೆ ಸದ್ಯಕ್ಕಿಲ್ಲ. ಎಸ್‌ಎಸ್‌ಎಲ್‌ಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇರುವುದರಿಂದ ಟೂರ್ನಿ ಅಡ್ಡ ಬಂದರೂ ವರ್ಷ ಹಾಳಾಗುವ ಭಯ ಕಡಿಮೆಯಾಗಿದೆ.

ತೋರಣಗಲ್ಲಿನ ಸಂಸ್ಥೆ ಬಗ್ಗೆ ಈ ಭಾಗದ ಪಾಲಕರೆಲ್ಲ ಕೇಳುತ್ತಾರೆ. ಒಳ್ಳೆಯ ಸಂಸ್ಥೆ, ಆದರೆ ಅದು ಬೆಳೆದಿರುವುದು ಬಾಕ್ಸಿಂಗ್, ಕುಸ್ತಿ, ಜೂಡೊ, ಅಥ್ಲೆಟಿಕ್ಸ್, ಈಜಿನ ಸುತ್ತ. ಟೇಬಲ್ ಟೆನಿಸ್ ಅಲ್ಲಿಯ ಆಟವಲ್ಲ. ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಯೋಜನೆಗೆ ಆಯ್ಕೆಯಾದರೆ ತರಬೇತಿಯ ಖರ್ಚಿನ ಜೊತೆ ಕೈಖರ್ಚಿಗೆ ತಿಂಗಳಿಗೆ 10,000 ರೂಪಾಯಿ ಸಿಗುತ್ತದೆ. ಅದಕ್ಕೆ ರಾಷ್ಟ್ರಮಟ್ಟದಲ್ಲಿ ಕಾಣಿಸಿಕೊಳ್ಳಬೇಕು. ತೈಲ ಕಂಪನಿಗಳೂ ಕಿರಿಯರಿಗೆ ಸ್ಕಾಲರ್‌ಷಿಪ್ ಕೊಡುತ್ತವೆ, ಷರತ್ತು ಅದೇ.

ನಿಮ್ಮ ಮುಂದಿರುವ ದಾರಿಗಳನ್ನು ನೋಡೋಣ. ಗದ್ದೆ ಮಾರಿ ಈಗಲೇ ಬೆಂಗಳೂರಿಗೆ ಹೋದರೆ ಅವಳಿಗೆ ದಿನಾ ಇಪ್ಪತ್ತು ಬಗೆಯ ಎದುರಾಳಿಗಳು ಸಿಗುತ್ತಾರೆ, ತಪ್ಪುಗಳು ವಾರ ವಾರ ತಿದ್ದಿಹೋಗುತ್ತವೆ. ಅದು ನಿಜವಾದ ಲಾಭ. ಆದರೆ ಅಕಾಡೆಮಿ ಫೀಸು, ಬಾಡಿಗೆ ಮನೆ, ಪ್ರಯಾಣ, ರಬ್ಬರ್ ಸೇರಿ ವರ್ಷಕ್ಕೆ ಐದಾರು ಲಕ್ಷ ಹೋಗುವುದನ್ನು ನಾನು ಕಂಡಿದ್ದೇನೆ. ಎರಡು ಎಕರೆ ನೀವು ಅಂದುಕೊಂಡಷ್ಟು ವರ್ಷ ಬರಲಿಕ್ಕಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ‘ನನಗಾಗಿ ಗದ್ದೆ ಮಾರಿದರು’ ಎಂಬುದು ಗೊತ್ತಿರುವ ಮಗು 9-9ರಲ್ಲಿ ಕೈ ಬಿಚ್ಚಿ ಹೊಡೆಯುವುದಿಲ್ಲ, ಚೆಂಡನ್ನು ಹೇಗೋ ಆಚೆ ದಾಟಿಸಲು ನೋಡುತ್ತದೆ. ಅಂಥ ಮಕ್ಕಳನ್ನು ಕಂಡಿದ್ದೇನೆ, 16ಕ್ಕೆ ಭುಜ ನೋವು ಎಂದು ಬರುತ್ತಾರೆ, ಎಕ್ಸ್‌ರೇಯಲ್ಲಿ ಏನೂ ಇರುವುದಿಲ್ಲ.

ನಾನು ಒಲಿಯುವ ದಾರಿ ಇನ್ನೊಂದು. ಎಸ್‌ಎಸ್‌ಎಲ್‌ಸಿ ಮುಗಿಯುವ ತನಕ ಮನೆ ಸಿಂಧನೂರಿನಲ್ಲೇ. ಬೇಸಿಗೆ ರಜೆ ಪೂರ್ತಿ, ದಸರಾ ರಜೆ ಪೂರ್ತಿ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಕ್ಯಾಂಪು. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಕಡೆ ಹೇಗೂ ಆಡಲಾಗದು. ಫ್ಯಾನ್ ಹಾಕಿದರೆ ಚೆಂಡು ಹಾರುತ್ತದೆ, ಹಾಕದಿದ್ದರೆ ತಗಡಿನ ಹಾಲ್‌ನಲ್ಲಿ 42 ಡಿಗ್ರಿ. ಉಳಿದ ತಿಂಗಳಲ್ಲಿ ಬೆಳಗ್ಗೆ ಐದೂವರೆಗೆ ಒಂದೂವರೆ ತಾಸು, ಸಂಜೆ ಒಂದೂವರೆ ತಾಸು. ರಾಜ್ಯ ರ‍್ಯಾಂಕಿಂಗ್ ಟೂರ್ನಿಗಳಲ್ಲಿ ವರ್ಷಕ್ಕೆ ಐದಾರನ್ನಾದರೂ ಆಡಿಸಿ. ರಾತ್ರಿ ಬಸ್ಸು, ಲಾಡ್ಜು, ಊಟ ಸೇರಿ ಇಬ್ಬರಿಗೆ ಒಂದಕ್ಕೆ ಎಂಟು ಹತ್ತು ಸಾವಿರ. ಸೋತ ಮೇಲೆ ಅದೇ ರಾತ್ರಿ ವಾಪಸ್ ಬಸ್ ಹತ್ತಬೇಡಿ. ಸೋತವರೆಲ್ಲ ಹೊರಗೆ ಖಾಲಿ ಟೇಬಲ್‌ಗಳಲ್ಲಿ ಆಡುತ್ತಿರುತ್ತಾರೆ, ಆ ಎರಡು ದಿನದ ಆಟ ನಿಮ್ಮ ಕ್ಲಬ್ಬಿನ ಎರಡು ತಿಂಗಳಿಗೆ ಸಮ. ಒಟ್ಟು ವರ್ಷಕ್ಕೆ ಒಂದೂವರೆ ಎರಡು ಲಕ್ಷ. ಅದೂ ಸಣ್ಣ ಮೊತ್ತವಲ್ಲ ಎಂಬುದು ಗೊತ್ತು, ಕಾಲುವೆಗೆ ನೀರು ಬರದ ವರ್ಷ ಇನ್ನೂ ಕಷ್ಟ. ಆದರೆ ಬೇಡವೆನಿಸಿದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು. ಮಾರಿದ ಗದ್ದೆ ವಾಪಸ್ ಬಾರದು.

ಇದರಲ್ಲೂ ಅಪಾಯವಿದೆ. ದಿನಾ ತಿದ್ದುವ ಕಣ್ಣಿಲ್ಲದೆ ತಪ್ಪು ಹೊಡೆತ ಗಟ್ಟಿಯಾಗಿಬಿಡಬಹುದು. ಬೆಂಗಳೂರಿನ ಮಕ್ಕಳಿಗಿಂತ ನಿಧಾನವಾಗಿ ಮೇಲೇರುತ್ತಾಳೆ. ಬೆಳೆಯುವ ವಯಸ್ಸು, ಸಿಮೆಂಟ್ ನೆಲ, ಕೆಟ್ಟ ಶೂ ಸೇರಿದರೆ ಮಂಡಿ ಹೋಗುತ್ತದೆ; ಬ್ಯಾಟಿಗಿಂತ ಮೊದಲು ಶೂ ಕೊಡಿಸಿ. ಮುಟ್ಟಿನ ಸಮಯದಲ್ಲಿ ಸುಸ್ತು ಹೆಚ್ಚಿದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ‘ಆಟದಿಂದ ಸುಸ್ತು’ ಎಂದು ಬಿಡಬೇಡಿ.

ಅಂಡರ್-15 ಮುಗಿಯುವಷ್ಟರಲ್ಲಿ ರಾಜ್ಯ ರ‍್ಯಾಂಕಿಂಗ್‌ನಲ್ಲಿ ಮೊದಲ ಎಂಟರ ಹತ್ತಿರ ಬಂದಿದ್ದರೆ ಪಿಯುಸಿಗೆ ಬೆಂಗಳೂರಿಗೆ ಸೇರಿಸಿ. ನಮ್ಮ ಕಡೆಯ ಮಕ್ಕಳು ಹೇಗೂ ಪಿಯುಸಿಗೆ ಊರು ಬಿಡುತ್ತಾರೆ, ಆಗ ಅದು ಆಟಕ್ಕೆಂದೇ ಕಟ್ಟಿದ ಜೂಜಾಗುವುದಿಲ್ಲ. ರ‍್ಯಾಂಕ್ ಹದಿನಾರರ ಆಸುಪಾಸಿನಲ್ಲಿದ್ದರೆ ಊರಲ್ಲೇ ಮುಂದುವರಿಸಿ, ಕ್ರೀಡಾಪಟುಗಳಿಗೆ ಫೀಸು ಬಿಡುವ ಡಿಗ್ರಿ ಕಾಲೇಜು ಹುಡುಕಿ. ಅಂತರ ವಿಶ್ವವಿದ್ಯಾಲಯ ಕೂಟ ಆಡಿದರೆ ನೌಕರಿಯ ಒಂದು ಬಾಗಿಲು ತೆರೆದಿರುತ್ತದೆ. ಅದಕ್ಕೂ ಕೆಳಗಿದ್ದರೆ ಖರ್ಚು ತಗ್ಗಿಸಿ, ಆಟ ಇರಲಿ. ಕೋಚಿಂಗ್ ಕೂಡ ಒಂದು ವೃತ್ತಿ. ಪಟಿಯಾಲದ ಎನ್‌ಐಎಸ್ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಡಿಪ್ಲೊಮಾ ಮಾಡಿದ ಮಹಿಳಾ ಕೋಚ್ ಬೇಕೆಂದು ಶಾಲೆಗಳು ಕೇಳುತ್ತಿರುತ್ತವೆ, ನನ್ನ ಬಳಿ ಕಳಿಸಿಕೊಡಲು ಹೆಸರುಗಳೇ ಇರುವುದಿಲ್ಲ.

ಹೈದರಾಬಾದ್ ಹತ್ತಿರ ಎಂದು ಅಲ್ಲೇ ಶಾಲೆಗೆ ಸೇರಿಸುವ ಮೊದಲು ಯೋಚಿಸಿ. ಕ್ಯಾಂಪಿಗೆ ಹೋಗುವುದು ಬೇರೆ, ಓದು ಬದಲಿಸುವುದು ಬೇರೆ. ಕರ್ನಾಟಕದಲ್ಲಿ ಸಿಇಟಿ ಸೀಟಿಗೆ ಸಾಮಾನ್ಯವಾಗಿ ಏಳು ವರ್ಷ ರಾಜ್ಯದಲ್ಲಿ ಓದಿರಬೇಕು, ರಾಜ್ಯ ತಂಡ ಬದಲಿಸಲು ರಾಜ್ಯ ಟೇಬಲ್ ಟೆನಿಸ್ ಸಂಸ್ಥೆಯ ಒಪ್ಪಿಗೆ ಪತ್ರ ಬೇಕು. ಕಲ್ಯಾಣ ಕರ್ನಾಟಕದವರಿಗೆ ಓದು, ನೌಕರಿಯಲ್ಲಿ ಮೀಸಲಾತಿ ಕೊಡುವ 371ಜೆ ಪ್ರಮಾಣಪತ್ರ ಇನ್ನೂ ಮಾಡಿಸಿಲ್ಲದಿದ್ದರೆ ಅಸಿಸ್ಟೆಂಟ್ ಕಮಿಷನರ್ ಕಚೇರಿಯಲ್ಲಿ ಮಾಡಿಸಿಡಿ. ಆಟದಲ್ಲಿ ಏನೇ ಆದರೂ ಅದು ಅವಳ ಪಾಲಿಗೆ ಉಳಿಯುತ್ತದೆ.

ನಿಮ್ಮ ಪತ್ರದಲ್ಲಿ ಎಲ್ಲರ ಮಾತಿದೆ. ಬ್ಯಾಟ್ ಕೇಳಿದ್ದನ್ನು ಬಿಟ್ಟರೆ ಮಗಳ ಮಾತಿಲ್ಲ. ಬೆಂಗಳೂರಿಗೆ ಹೋಗಲು ಅವಳಿಗೆ ಇಷ್ಟವಿದೆಯೇ, ಕೇಳಿ. ಎಲ್ಲರ ಮುಂದೆ ಬೇಡ, ತಾಯಿ ಒಬ್ಬರೇ ಕೇಳಲಿ. ಮುಂದಿನ ರಾಜ್ಯ ಟೂರ್ನಿಯ ಅವಳ ಪಂದ್ಯದ ವಿಡಿಯೊ ತೆಗೆದು ಕಳಿಸಿ, ನೋಡಿ ಹೇಳುತ್ತೇನೆ. ಫೋನನ್ನು ಅವಳ ಹಿಂದೆ, ತಲೆಗಿಂತ ಸ್ವಲ್ಪ ಎತ್ತರದಲ್ಲಿ ಇಡಿ. ಪಕ್ಕದಿಂದ ತೆಗೆದರೆ ಎದುರಾಳಿಯ ಸರ್ವ್ ಬಿದ್ದ ಜಾಗವೂ ಕಾಣುವುದಿಲ್ಲ, ಅವಳು ಎಲ್ಲಿ ಮೋಸ ಹೋದಳೆಂಬುದೂ ತಿಳಿಯುವುದಿಲ್ಲ.